ಸುಸ್ತಿಗೊಂದು ಸ್ಕೂಪು

ಜಿಮ್ಮಿಗೆ ಸೇರಿ ಮೂರು ದಿನ. ಸ್ಕ್ವಾಟ್‌ಗೆ ಕೂತರೆ ಹಿಮ್ಮಡಿ ಇನ್ನೂ ನೆಲ ಬಿಟ್ಟು ಏಳುತ್ತಿದೆ. ಡೆಡ್‌ಲಿಫ್ಟ್‌ನಲ್ಲಿ ಬೆನ್ನು ಹಲಸಿನ ಹಣ್ಣು ಹೊತ್ತವರ ಹಾಗೆ ಬಾಗಿದೆ. ಟ್ರೈನರ್ ಅದನ್ನೆಲ್ಲ ಕಂಡೂ ಕಾಣದಂತೆ ಹತ್ತಿರ ಬಂದು, ದನಿ ತಗ್ಗಿಸಿ ಕೇಳುವುದು ಒಂದೇ: ‘ಸರ್, ಇಂಟ್ರಾ ಏನ್ ತಗೋತಿದೀರಾ?’

ಇಂಟ್ರಾ ಅಂದರೆ ವ್ಯಾಯಾಮದ ನಡುವೆ ಗುಟುಕರಿಸುವ ಬಣ್ಣದ ನೀರು. ಅದರೊಳಗಿರುವುದು ಬಿಸಿಎಎ, ಅಂದರೆ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೊ ಆಮ್ಲಗಳು. ಕುಡಿದರೆ ಸುಸ್ತು ಹತ್ತಿರ ಸುಳಿಯುವುದಿಲ್ಲವಂತೆ. ನಲವತ್ತು ನಿಮಿಷದ ಕಸರತ್ತು, ಅದರಲ್ಲಿ ಹದಿನೈದು ನಿಮಿಷ ಕನ್ನಡಿ ಮುಂದೆ ಸೆಲ್ಫಿ, ಹತ್ತು ನಿಮಿಷ ಬೆಂಚ್ ಪ್ರೆಸ್ ಬೆಂಚಿನ ಮೇಲೆ ಮಲಗಿ ರೀಲ್ಸ್. ಉಳಿದ ಹದಿನೈದು ನಿಮಿಷದ ಆಯಾಸ ಕಳೆಯಲು ಜೀವರಸಾಯನ ಶಾಸ್ತ್ರವೇ ಧರೆಗಿಳಿದು ಬರಬೇಕು.

ಶಾಸ್ತ್ರ ಇಲ್ಲವೆಂದಲ್ಲ. 1987ರಲ್ಲಿ ಆಕ್ಸ್‌ಫರ್ಡಿನ ಎರಿಕ್ ನ್ಯೂಸ್‌ಹೋಮ್ ಮತ್ತು ಸಂಗಡಿಗರು ಸೊಗಸಾದೊಂದು ಊಹೆ ಮುಂದಿಟ್ಟರು. ಗಂಟೆಗಟ್ಟಲೆ ಓಡುವಾಗ ಕೊಬ್ಬಿನಾಮ್ಲ ರಕ್ತಕ್ಕೆ ಇಳಿಯುತ್ತದೆ. ಅಲ್ಲಿ ಆಲ್ಬುಮಿನ್ ಎಂಬ ಬಸ್ಸಿನಲ್ಲಿ ಕೂತಿದ್ದ ಟ್ರಿಪ್ಟೊಫ್ಯಾನ್ ಎಂಬ ಇನ್ನೊಂದು ಅಮೈನೊ ಆಮ್ಲವನ್ನು ಎಬ್ಬಿಸಿ ತಾನು ಕೂರುತ್ತದೆ. ಸೀಟು ಹೋದ ಟ್ರಿಪ್ಟೊಫ್ಯಾನ್ ಮಿದುಳಿನ ಬಾಗಿಲಿಗೆ ಹೋಗಿ, ಒಳಹೊಕ್ಕು, ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕವಾಗಿ ‘ಸಾಕಪ್ಪಾ’ ಅನ್ನಿಸುತ್ತದೆ. ಬಿಸಿಎಎಗೂ ಅದೇ ಬಾಗಿಲು. ಹಾಗಾಗಿ ಬಿಸಿಎಎಯನ್ನು ಜಾಸ್ತಿ ಕುಡಿಸಿದರೆ ಬಾಗಿಲಲ್ಲಿ ಮೆಜೆಸ್ಟಿಕ್‌ನ ಸಂಜೆ ಏಳರ ನೂಕುನುಗ್ಗಲು, ಟ್ರಿಪ್ಟೊಫ್ಯಾನ್ ಹೊರಗೇ ಬಾಕಿ. ಓದಲು ಎಷ್ಟು ಚೆಂದ!

ಚೆಂದದ ಊಹೆಗಳನ್ನು ಪರೀಕ್ಷೆ ಮಾಡುವ ಕೆಟ್ಟ ಚಾಳಿ ವಿಜ್ಞಾನಿಗಳಿಗಿದೆ. 1991ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ ಮ್ಯಾರಥಾನ್ ಓಟಗಾರರಿಗೆ ಬಿಸಿಎಎ ಕುಡಿಸಿದರು. ಲಾಭ ಕಂಡದ್ದು ನಿಧಾನದ ಓಟಗಾರರಿಗೆ ಮಾತ್ರ. ಅಲ್ಲಿ ನಿಧಾನ ಅಂದರೆ 42 ಕಿಲೋಮೀಟರಿಗೆ ಮೂರು ಗಂಟೆ ಐದು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಂಡವರು. ಟ್ರೆಡ್‌ಮಿಲ್ಲಿನ ಹಿಡಿಕೆಗೆ ಜೋತುಬಿದ್ದು ನಡೆಯುವವರು ಈ ವರ್ಗಕ್ಕೆ ಸೇರುತ್ತಾರೋ ಇಲ್ಲವೋ ಅವರವರೇ ನೋಡಿಕೊಳ್ಳಲಿ. 1995ರಲ್ಲಿ ನೆದರ್ಲೆಂಡ್ಸ್‌ನವರು ಹತ್ತು ಮಂದಿ ಪಳಗಿದ ಕ್ರೀಡಾಪಟುಗಳನ್ನು ಸೈಕಲ್ ಮೇಲೆ ಕೂರಿಸಿ, ಸೋತು ಇಳಿಯುವವರೆಗೂ ತುಳಿಸಿದರು. ಒಮ್ಮೆ ಸಕ್ಕರೆ ನೀರಿನ ಜೊತೆ ಬಿಸಿಎಎ, ಇನ್ನೊಮ್ಮೆ ಸುಸ್ತು ತರಿಸಬೇಕಾದ ಟ್ರಿಪ್ಟೊಫ್ಯಾನನ್ನೇ ಕೊಟ್ಟರು. ಎಲ್ಲ ಸಲವೂ ಎರಡು ಗಂಟೆಯ ಆಸುಪಾಸಿಗೇ ಇಳಿದರು. ಬಿಸಿಎಎ ಹೆಚ್ಚು ಕುಡಿದಾಗ ರಕ್ತದಲ್ಲಿ ಏರಿದ್ದು ಅಮೋನಿಯಾ. ಸುಸ್ತಿಗೆ ಅದೂ ಕಾರಣವಿರಬಹುದೆಂಬ ಅನುಮಾನ ಇದೆ. ಇದನ್ನು ಡಬ್ಬದ ಮೇಲೆ ಯಾರೂ ಅಚ್ಚು ಹಾಕಿಸುವುದಿಲ್ಲ.

ಇನ್ನು, ಹತ್ತು ಸಲ ಭಾರ ಎತ್ತಿದಾಗ ತೋಳು ಸೋಲುವುದಕ್ಕೆ ಸೆರೊಟೋನಿನ್ ಮುಖ್ಯ ಕಾರಣವಲ್ಲ. ಸ್ನಾಯುವಿನೊಳಗೆ ಫಾಸ್ಫೇಟ್ ಶೇಖರವಾಗಿದೆ, ಕ್ಯಾಲ್ಸಿಯಂ ಸರಿಯಾಗಿ ಬಿಡುಗಡೆಯಾಗುತ್ತಿಲ್ಲ, ತಕ್ಷಣದ ಶಕ್ತಿಯ ದಾಸ್ತಾನಾದ ಫಾಸ್ಫೊಕ್ರಿಯಾಟಿನ್ ಖಾಲಿಯಾಗಿದೆ. ಅದು ಹೆಚ್ಚುಕಡಿಮೆ ಪೂರ್ತಿ ತುಂಬಿಕೊಳ್ಳಲು ಮೂರರಿಂದ ಐದು ನಿಮಿಷ ಬೇಕು. ಮದ್ದು ಏನೆಂದರೆ ಸುಮ್ಮನೆ ಕೂರುವುದು. ಇದನ್ನು ಡಬ್ಬದಲ್ಲಿ ತುಂಬಿ ಮಾರುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ.

ಸುಸ್ತು ಹೋಗದಿದ್ದರೇನಂತೆ, ಸ್ನಾಯು ಬೆಳೆಯುತ್ತದಲ್ಲ ಎನ್ನುವುದು ಟ್ರೈನರ್‌ನ ಎರಡನೇ ಬಾಣ. ಲ್ಯೂಸಿನ್ ಸ್ನಾಯು ಕಟ್ಟುವ ಕೆಲಸಕ್ಕೆ ಸ್ವಿಚ್ ಒತ್ತುತ್ತದೆ ಎಂಬುದು ನಿಜ. ಆದರೆ ಒಲೆ ಹಚ್ಚಿದ ಮಾತ್ರಕ್ಕೆ ಅನ್ನ ಆಗುತ್ತದೆಯೇ? ಅಕ್ಕಿ ಬೇಕು. ಆಹಾರದಿಂದಲೇ ಬರಬೇಕಾದ ಅಮೈನೊ ಆಮ್ಲ ಒಂಬತ್ತು, ಡಬ್ಬದಲ್ಲಿರುವುದು ಮೂರು. ಬರಿಹೊಟ್ಟೆಯಲ್ಲಿದ್ದರೆ ಮಿಕ್ಕ ಆರನ್ನು ದೇಹ ತನ್ನದೇ ಸ್ನಾಯು ಒಡೆದು ತರಬೇಕು. ಸಂಶೋಧಕ ರಾಬರ್ಟ್ ವುಲ್ಫ್ 2017ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ ಬರೆದದ್ದೂ ಇದೇ: ಬರೀ ಬಿಸಿಎಎಯಿಂದ ಸ್ನಾಯು ಬೆಳೆಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಲ್ಯೂಸಿನ್‌ಗೂ ಉಳಿದೆರಡಕ್ಕೂ ಇರುವ ಅನುಪಾತದ ಹರಾಜಂತೂ ಕೇಳುವಂತಿಲ್ಲ. ಒಬ್ಬ 2:1:1 ಎಂದರೆ ಪಕ್ಕದವ 4:1:1, ಇನ್ನೊಬ್ಬ 8:1:1. ಏಳು ಗ್ರಾಂ ಸ್ಕೂಪಿನಲ್ಲಿ 2:1:1 ಎಂದರೆ ಲ್ಯೂಸಿನ್ ಮೂರೂವರೆ ಗ್ರಾಂ. ಅದೇ 8:1:1 ಆದರೆ 5.6 ಗ್ರಾಂ, ಉಳಿದೆರಡು ತಲಾ 0.7. ಹಾಲು ಮೊಟ್ಟೆಗಳಲ್ಲಿ ಪ್ರಕೃತಿ ಹೆಚ್ಚುಕಡಿಮೆ 2:1:1ರಲ್ಲೇ ಇಟ್ಟಿದೆ, ಪಾಪ, ಅದಕ್ಕೆ ಮಾರ್ಕೆಟಿಂಗ್ ವಿಭಾಗವಿಲ್ಲ. ಕೆಲವು ಡಬ್ಬಗಳ ಮೇಲೆ ‘ಝೀರೋ ಕ್ಯಾಲರಿ’ ಎಂದೂ ಇರುತ್ತದೆ. ಅಮೈನೊ ಆಮ್ಲಕ್ಕೆ ಗ್ರಾಂಗೆ ಸುಮಾರು ನಾಲ್ಕು ಕ್ಯಾಲರಿ, ಏಳು ಗ್ರಾಂಗೆ 28. ಇದನ್ನು ಕುಡಿದು ‘ಫಾಸ್ಟೆಡ್ ಕಾರ್ಡಿಯೊ’, ಅಂದರೆ ಬರಿಹೊಟ್ಟೆಯ ಕಸರತ್ತು, ಮಾಡುವುದೆಂದರೆ ಏಕಾದಶಿಗೆ ಎರಡು ತಟ್ಟೆ ಅವಲಕ್ಕಿ ಉಪ್ಪಿಟ್ಟು ತಿಂದು ಉಪವಾಸ ಎಂದ ಹಾಗೆ.

ರುಚಿಯ ವಿಷಯಕ್ಕೆ ಬರೋಣ. ಲ್ಯೂಸಿನ್ ಕಹಿ. ನೀರಿನಲ್ಲಿ ಸುಲಭಕ್ಕೆ ಕರಗುವುದೂ ಇಲ್ಲ, ಮೇಲೆ ನೊರೆಯಾಗಿ ತೇಲಿ ಶೇಕರ್‌ನ ಗೋಡೆಗೆ ಅಂಟುತ್ತದೆ. ಅದಕ್ಕೆ ಲೆಸಿಥಿನ್ ಸವರಿ, ಸಿಟ್ರಿಕ್ ಆಮ್ಲ ಸುರಿದು, ಸುಕ್ರಲೋಸ್ ಬೆರೆಸಿ, ಬಣ್ಣ ಹಾಕಿ ‘ಬ್ಲೂ ರಾಸ್‌ಬೆರಿ’ ಎನ್ನುತ್ತಾರೆ. ರಾಸ್‌ಬೆರಿಯನ್ನು ನಮ್ಮಲ್ಲಿ ನೋಡಿದವರೇ ಕಡಿಮೆ, ನೀಲಿ ರಾಸ್‌ಬೆರಿಯನ್ನು ಭೂಮಿ ಮೇಲೆ ಯಾರೂ ನೋಡಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ಮುಚ್ಚಳ ಸಡಿಲವಿಟ್ಟರೆ ಡಬ್ಬದೊಳಗೆ ನೀಲಿ ಜಂಬಿಟ್ಟಿಗೆ ತಯಾರಾಗಿರುತ್ತದೆ.

ಈ ಲ್ಯೂಸಿನ್ ಬರುವುದೆಲ್ಲಿಂದ ಗೊತ್ತೇ? ಒಂದು ದಾರಿ ಜೋಳದ ಸಕ್ಕರೆ ತಿನ್ನಿಸಿ ಬ್ಯಾಕ್ಟೀರಿಯಾದಿಂದ ಹುದುಗು ಬರಿಸುವುದು. ಹಳೆಯ ದಾರಿ ಬಾತುಕೋಳಿ ಗರಿ, ಮನುಷ್ಯರ ಕೂದಲುಗಳನ್ನು ಆಮ್ಲದಲ್ಲಿ ಕುದಿಸಿ ಬಸಿಯುವುದು. ಹಕ್ಕಿಯ ಗರಿಯಿಂದ ತೆಗೆದದ್ದಾದರೆ ಡಬ್ಬದ ಮೇಲೆ ಮಾಂಸಾಹಾರದ ಗುರುತಾದ ಕಂದು ತ್ರಿಕೋನ ಇರಬೇಕು. ಮೂಲ ಬರೆಯದ ಡಬ್ಬದ ಬಗ್ಗೆ ಯಾವ ಮಠದಿಂದಲೂ ಹೇಳಿಕೆ ಬಂದಿಲ್ಲ. ಹೇಳಿಕೆಗಳೆಲ್ಲ ಶಾಲೆಯ ಮೊಟ್ಟೆಗೆ ಮೀಸಲು. 2021ರಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳ ತಟ್ಟೆಗೆ ಮೊಟ್ಟೆ ಬಂದಾಗ ಎದ್ದ ರಂಪ ನೆನಪಿದೆಯಲ್ಲ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನು, ಒಂಬತ್ತೂ ಅಮೈನೊ ಆಮ್ಲಗಳು, ಬಿಸಿಎಎ ಒಂದು ಗ್ರಾಂಗಿಂತ ಹೆಚ್ಚು. ಯಾದಗಿರಿಯ ಮಗು ಅದನ್ನು ತಿನ್ನಬೇಕೋ ಬೇಡವೋ ಎಂದು ದೊಡ್ಡವರು ಟಿವಿಯಲ್ಲಿ ಕಿತ್ತಾಡಿದರು. ಉಂಡು ತೇಗಿದವರು ಎರಡು ಸಾವಿರ ಕೊಟ್ಟು ಅದರ ಮೂರನೇ ಒಂದು ಭಾಗವನ್ನು ನೀಲಿ ನೀರಿನಲ್ಲಿ ಕುಡಿಯುತ್ತಾರೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ಹೋಗಲಿ. ಲೆಕ್ಕ ನೋಡಿ: ಎರಡು ಸಾವಿರದ ಡಬ್ಬ, ಮೂವತ್ತು ಸ್ಕೂಪು, ಸ್ಕೂಪಿಗೆ 67 ರೂಪಾಯಿ. ಹಾಲಿನಿಂದ ತೆಗೆದ ವೇ ಪ್ರೋಟೀನ್ ಕುಡಿಯುವವರಿಗೆ ಅದರ 25 ಗ್ರಾಂ ಪ್ರೋಟೀನಿನಲ್ಲೇ ಐದಾರು ಗ್ರಾಂ ಬಿಸಿಎಎ ಸಿಕ್ಕಿರುತ್ತದೆ. ಅದರ ಮೇಲೆ ಇದೂ ಎಂದರೆ ಹಾಲು ಕುಡಿದು ಹಾಲಿನ ಪುಡಿ ನೆಕ್ಕಿದಂತೆ. ವೇ ಡಬ್ಬವನ್ನಾದರೂ ನಂಬೋಣವೆಂದರೆ, 2024ರಲ್ಲಿ ಕೇರಳದ ವೈದ್ಯರೊಬ್ಬರ ತಂಡ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದಾಗ ಸುಮಾರು ಶೇ 70ರಷ್ಟರಲ್ಲಿ ಚೀಟಿಗೂ ಪುಡಿಗೂ ತಾಳೆಯಾಗಲಿಲ್ಲ. ಮೋಸಕ್ಕೊಂದು ಹಳೆಯ ದಾರಿಯಿದೆ. ಪ್ರಯೋಗಾಲಯ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತದೆ. ಒಂದು ಗ್ರಾಂ ಗ್ಲೈಸಿನ್ ಎಂಬ ಅಗ್ಗದ ಅಮೈನೊ ಆಮ್ಲ ಸುರಿದರೆ ಲೆಕ್ಕದಲ್ಲಿ 1.17 ಗ್ರಾಂ ಪ್ರೋಟೀನ್! ಚೀಟಿಯಲ್ಲಿ ಗ್ಲೈಸಿನ್, ಟೌರಿನ್ ಹೆಸರು ಕಂಡರೆ, 25 ಗ್ರಾಂ ವೇ ಪ್ರೋಟೀನಿಗೆ ಲ್ಯೂಸಿನ್ ಎರಡೂವರೆ ಗ್ರಾಂಗಿಂತ ಬಹಳ ಕಡಿಮೆಯಿದ್ದರೆ, ಡಬ್ಬವನ್ನು ಅಲ್ಲೇ ಇಟ್ಟು ಬನ್ನಿ.

‘ಆದರೆ ಕುಡಿದ ಕೂಡಲೇ ಕರೆಂಟ್ ಹೊಡೆದ ಹಾಗಾಗುತ್ತೆ ಗುರು’ ಎನ್ನುವವರಿದ್ದಾರೆ. ಅದು ಕಸರತ್ತಿಗೆ ಮೊದಲು ಕುಡಿಯುವ ಪ್ರೀ ವರ್ಕೌಟ್ ಪುಡಿ. ಮುಖ, ಕಿವಿ ಜುಮುಜುಮು ಎನ್ನುವುದು ಬೀಟಾ ಅಲನಿನ್‌ನಿಂದ. ಅದೂ ಅಮೈನೊ ಆಮ್ಲವೇ, ಒಂದರಿಂದ ನಾಲ್ಕು ನಿಮಿಷದ ಜೋರು ಶ್ರಮಕ್ಕೆ ಅಷ್ಟಿಷ್ಟು ಉಪಯೋಗವೂ ಇದೆ. ಆದರೆ ದಿನಕ್ಕೆ ನಾಲ್ಕರಿಂದ ಆರು ಗ್ರಾಂನಂತೆ ನಾಲ್ಕು ವಾರ ತಿಂದ ಮೇಲೆ. ಜುಮುಜುಮುಗೂ ಶಕ್ತಿಗೂ ಸಂಬಂಧವಿಲ್ಲ, ತುರಿಕೆ ಸೊಪ್ಪು ಸವರಿಕೊಂಡರೂ ಅಷ್ಟು ಆಗುತ್ತದೆ. ಕುಡಿದ ದಿನವೇ ಕೆಲಸ ಮಾಡುವುದು ಕೆಫೀನ್, ಒಂದು ಸ್ಕೂಪಿಗೆ ಎಷ್ಟೋ ಸಲ 200 ಮಿಲಿಗ್ರಾಂ. ರಾತ್ರಿ ಎಂಟಕ್ಕೆ ಕುಡಿದರೆ ನಡುರಾತ್ರಿ ಕಳೆದು ಒಂದು ಗಂಟೆಯಾದರೂ ಅರ್ಧದಷ್ಟು ರಕ್ತದಲ್ಲೇ ಓಡಾಡುತ್ತಿರುತ್ತದೆ. ನಿದ್ದೆಯಿಲ್ಲ, ಬೆಳಿಗ್ಗೆ ಸುಸ್ತು, ಸಂಜೆ ಒಂದೂವರೆ ಸ್ಕೂಪು. ದಿನಕ್ಕೆ ಐದು ಗಂಟೆ ಮಲಗಿ, ಎರಡು ಗಂಟೆ ಸಿಲ್ಕ್ ಬೋರ್ಡಿನಲ್ಲಿ ನಿಂತು ಬಂದವನಿಗೆ ‘ಮಲಗಪ್ಪಾ’ ಎಂದರೆ ಕಮಿಷನ್ ಎಲ್ಲಿ ಬರಬೇಕು? ಆ ಟ್ರೈನರ್‌ನನ್ನು ಬೈದೂ ಪ್ರಯೋಜನವಿಲ್ಲ. ಸಂಬಳ ಬಾಡಿಗೆಗೆ ಸರಿಹೋಗುತ್ತದೆ, ಡಬ್ಬದಿಂದಲೇ ಅವನ ಊಟ.

ನಿಜಕ್ಕೂ ಒಂದೂವರೆ ಗಂಟೆ ಮೀರಿ ಓಡುವವರಿಗೆ, ಸೈಕಲ್ ತುಳಿಯುವವರಿಗೆ ಬೇಕಾದದ್ದು ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಮತ್ತು ಒಂದಿಷ್ಟು ಉಪ್ಪು. ಅರ್ಧ ಲೀಟರ್ ನೀರಿಗೆ 35 ಗ್ರಾಂ ಬೆಲ್ಲ ಕರಗಿಸಿ ಸೋಸಿ, ಕಾಲು ಚಮಚಕ್ಕಿಂತ ಕಡಿಮೆ ಉಪ್ಪು, ಅರ್ಧ ನಿಂಬೆಹಣ್ಣು, ಚಿಟಿಕೆ ಶುಂಠಿ ಏಲಕ್ಕಿ ಹಾಕಿ. ಸೋಸದಿದ್ದರೆ ಕಸ ಬಾಟಲಿಯ ಮೂತಿಗೆ ಸಿಕ್ಕಿಕೊಳ್ಳುತ್ತದೆ, ಬೆಲ್ಲ 50 ಗ್ರಾಂ ದಾಟಿದರೆ ಓಡುವಾಗ ಹೊಟ್ಟೆ ಗುಳುಗುಳು ಎನ್ನುತ್ತದೆ. ರಾಮನವಮಿಯ ಪಾನಕವನ್ನು ಜಿಮ್ಮಿಗೆ ಒಯ್ಯಲು ನಾಚಿಕೆಯಾದರೆ ಕಪ್ಪು ಶೇಕರ್‌ನಲ್ಲಿ ತುಂಬಿಕೊಳ್ಳಿ. ಯಾವ ಬ್ರ್ಯಾಂಡ್ ಎಂದು ಕೇಳಿದರೆ ‘ಅನ್‌ರಿಫೈನ್ಡ್ ಕೇನ್ ಇಂಟ್ರಾ, ಮಂಡ್ಯ ಎಡಿಷನ್’ ಎನ್ನಿ. ಟ್ರೈನರ್‌ಗೂ ಒಂದು ಲೋಟ ಕೊಡಿ, ಬೆಳಿಗ್ಗೆ ಐದರಿಂದ ನಿಂತಿದ್ದಾನೆ.