ಅಮಾವಾಸ್ಯೆ ದಿನ ಅಮೆರಿಕಕ್ಕೆ

ಅಮೆರಿಕದಲ್ಲಿ ಕೆಲಸ ಮಾಡಲು ಕೊಡುವ ಎಚ್-1ಬಿ ವೀಸಾದವರಿಗೆ ಊರಿಗೆ ಬರುವುದು ಸುಲಭ, ವಾಪಸ್ ಹೋಗುವುದೇ ಕಷ್ಟ. ಇದು ಗೊತ್ತಿದ್ದೂ 2025ರ ದಸರಾ ನೋಡೋಣ ಅಂತ ಮೈಸೂರಿಗೆ ಬಂದಿದ್ದೆ.

ಸೆಪ್ಟೆಂಬರ್ 20, ಶನಿವಾರ. ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಆಫೀಸಿನ ವಕೀಲರಿಂದ ಮೇಲ್ ಮೇಲೆ ಮೇಲ್. ನಾವು ಇಲ್ಲಿ ಗೊರಕೆ ಹೊಡೆಯುವಾಗ ಅಲ್ಲಿ ಟ್ರಂಪ್ ಸಹಿ ಹಾಕಿ ಮುಗಿಸಿದ್ದರು. ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕ. ಹತ್ತಿರ ಹತ್ತಿರ 88 ಲಕ್ಷ ರೂಪಾಯಿ! ವಾಷಿಂಗ್ಟನ್ ಗಡಿಯಾರದಲ್ಲಿ ಶನಿವಾರ ಮಧ್ಯರಾತ್ರಿ ಕಳೆದು ಒಂದು ನಿಮಿಷಕ್ಕೆ ಜಾರಿ. ನಮ್ಮ ಲೆಕ್ಕದಲ್ಲಿ ಭಾನುವಾರ ಬೆಳಿಗ್ಗೆ 9:31. ಅಷ್ಟರೊಳಗೆ ಅಮೆರಿಕದೊಳಗೆ ಇರಿ ಅಂತ ವಕೀಲರ ಅಪ್ಪಣೆ. ಮೈಸೂರಿನಿಂದ ದೇವನಹಳ್ಳಿಗೇ ನಾಲ್ಕೈದು ಗಂಟೆ ಬೇಕು ಅನ್ನೋದು ಆ ಪುಣ್ಯಾತ್ಮರಿಗೆ ಯಾರು ಹೇಳಬೇಕು?

ಬ್ಯಾಗ್ ಇಳಿಸುತ್ತಿದ್ದಾಗ ಅಮ್ಮ ಬಂದರು.

"ನಾಳೆ ಮಹಾಲಯ ಅಮಾವಾಸ್ಯೆ ಕಣೋ. ಹಿರಿಯರಿಗೆ ಎಡೆ ಇಡೋ ದಿನ. ಯಾರಾದ್ರೂ ಊರು ಬಿಡ್ತಾರಾ?"

"ಇವತ್ತೇ ಹೊರಡೋದು ಅಮ್ಮ. ನಾಳೆ ಬರೀ ಇಳಿಯೋದು."

"ಇಳಿಯೋದೂ ಬೇಡ. ಅಮಾವಾಸ್ಯೆ ಅಲ್ಲೂ ಇರತ್ತೆ."

ಇದಕ್ಕೆ ಯಾವ ವಕೀಲರ ಬಳಿಯೂ ಉತ್ತರ ಇಲ್ಲ. ನಾನು ಟಿಕೆಟ್ ಹುಡುಕತೊಡಗಿದೆ. ಪೇಜ್ ರಿಫ್ರೆಶ್ ಮಾಡಿದ ಹಾಗೆಲ್ಲ ರೇಟ್ ಏರುತ್ತಿತ್ತು. ನನ್ನ ಕಾರ್ಡ್ ಯಾಕೋ ಮುಷ್ಕರ ಹೂಡಿತು. ಅಪ್ಪನ ಕಾರ್ಡ್ ಹಾಕಿದರೆ ಓಟಿಪಿ ಅವರ ಫೋನಿಗೆ ಹೋಯಿತು. ಫೋನ್ ದೇವರ ಮನೆಯಲ್ಲಿ ಚಾರ್ಜಿಗಿತ್ತು. ಅಮ್ಮ ಮಡಿಯಲ್ಲಿ ಅಲ್ಲೇ ಕೂತಿದ್ದರು, ನಾನಿನ್ನೂ ಸ್ನಾನ ಮಾಡಿರಲಿಲ್ಲ. "ನೀವೇ ಓದಿ ಹೇಳಮ್ಮ" ಅಂದೆ. ಕನ್ನಡಕ ಹುಡುಕಿ ಅವರು ಮೂರನೇ ಅಂಕಿಗೆ ಬರುವಷ್ಟರಲ್ಲಿ ಟೈಮ್ ಔಟ್. ಮತ್ತೆ ನೋಡಿದರೆ ಸೀಟೇ ಇಲ್ಲ. ಅವರು ಬೇಕೂಂತಲೇ ನಿಧಾನ ಮಾಡಿದರು ಅನ್ನೋ ಅನುಮಾನ ನನಗೆ ಈಗಲೂ ಇದೆ.

ಇಡೀ ಮನೆಯಲ್ಲಿ ಆರಾಮವಾಗಿದ್ದವರು ಅಪ್ಪ ಒಬ್ಬರೇ. ಕಂದಾಯ ಇಲಾಖೆಯಲ್ಲಿ ಫೈಲುಗಳ ಮಧ್ಯೆಯೇ ಆಯುಸ್ಸು ಕಳೆದವರು. ಆದೇಶದ ಪ್ರಿಂಟ್ ತರಿಸಿಕೊಂಡು ಪೆನ್ಸಿಲ್ಲಿನಲ್ಲಿ ಅಡಿಗೆರೆ ಎಳೆಯುತ್ತಾ ಓದಿದರು.

"ಹೊಸಬರಿಗೋ ಹಳಬರಿಗೋ ಅಂತ ಸ್ಪಷ್ಟ ಇಲ್ಲ. ಇದಕ್ಕೊಂದು ಸ್ಪಷ್ಟೀಕರಣ ಸುತ್ತೋಲೆ ಬರತ್ತೆ. ಸುಮ್ನೆ ತಿಂಡಿ ತಿನ್ನು."

"ಅಪ್ಪಾ, ಅದು ಅಮೆರಿಕ."

"ಸರ್ಕಾರ ತಾನೇ?"

ಅತ್ತ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಮಾನ ಹತ್ತಿ ಕೂತವರು ಗಾಬರಿಯಾಗಿ ಇಳಿಯುತ್ತಿದ್ದ ವಿಡಿಯೋ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು. ವಾಣಿಜ್ಯ ಕಾರ್ಯದರ್ಶಿ ಲಟ್ನಿಕ್ ಈ ಹಣ ವರ್ಷವರ್ಷವೂ ಕಟ್ಟಬೇಕು ಅಂದಿದ್ದರು. ಒಂದು ದಿನ ಕಳೆಯುವಷ್ಟರಲ್ಲಿ ಶ್ವೇತಭವನದಿಂದಲೇ ಬೇರೆ ಮಾತು ಬಂತು: ಒಂದೇ ಸಲ, ಹೊಸ ಅರ್ಜಿಗೆ ಮಾತ್ರ, ಈಗಾಗಲೇ ವೀಸಾ ಇರುವವರು ಧಾರಾಳವಾಗಿ ಬಂದು ಹೋಗಬಹುದು. ಅಪ್ಪ ಏನೂ ಅನ್ನಲಿಲ್ಲ. ಎಡೆಯ ವಡೆ ಒಂದು ಜಾಸ್ತಿ ಹಾಕಿಸಿಕೊಂಡರು, ಅಷ್ಟೇ.

ನಾನೇನೋ ಬಚಾವಾದೆ. ಡಿಸೆಂಬರಿನಲ್ಲಿ ಭಾವಮೈದ ಸಿಕ್ಕಿಬಿದ್ದ. ಬಂದದ್ದು ಸ್ಟಾಂಪಿಂಗಿಗೆ, ಅಂದರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಹಚ್ಚಿಸಿಕೊಳ್ಳಲು. ಮೊದಲಾದರೆ ಡ್ರಾಪ್‌ಬಾಕ್ಸಿನಲ್ಲಿ ಪಾಸ್‌ಪೋರ್ಟ್ ಹಾಕಿ ಬಂದರೆ ಮುಗಿಯುತ್ತಿತ್ತು, ಸೆಪ್ಟೆಂಬರಿನಿಂದ ಆ ಸುಖವೂ ಹೋಗಿ ಸಂದರ್ಶನಕ್ಕೆ ನಿಲ್ಲಬೇಕಾಗಿತ್ತು. ಬೆಂಗಳೂರಿನ ಅಮೆರಿಕನ್ ಕಾನ್ಸುಲೇಟ್ ಅದೇ ವರ್ಷದ ಜನವರಿಯಲ್ಲೇ ಉದ್ಘಾಟನೆ ಆಗಿತ್ತು. ಆದರೆ ವೀಸಾ ಕೊಡುವ ಕೆಲಸ ಒಂದು ಬಿಟ್ಟು! ಹಾಗಾಗಿ ಚೆನ್ನೈ ರೈಲೇ ಗತಿ. ಅದಕ್ಕೂ ಟಿಕೆಟ್ ಮಾಡಿಸಿದ ಮೇಲೆ ಇನ್ನೊಂದು ನಿಯಮ ಬಂತು. ಡಿಸೆಂಬರ್ 15ರಿಂದ ಎಚ್-1ಬಿಯವರ ಸೋಷಿಯಲ್ ಮೀಡಿಯಾ ಜಾಲಾಡುತ್ತಾರೆ, ಎಲ್ಲ ಖಾತೆ ಪಬ್ಲಿಕ್ ಇಡಬೇಕು. ತಪಾಸಣೆಗೆ ಟೈಮ್ ಬೇಕಲ್ವಾ, ಇವನ ಸಂದರ್ಶನ ಮಾರ್ಚಿಗೆ ಹೋಯಿತು.

ಅವನ ಫೇಸ್‌ಬುಕ್ಕನ್ನು ಮನೆಮಂದಿಯೆಲ್ಲ ಕೂತು ತಪಾಸಣೆ ಮಾಡಿದೆವು. ಅವನದು ಅಂತ ಅದರಲ್ಲಿ ಇದ್ದದ್ದೇ ಕಮ್ಮಿ. ಅತ್ತೆ ದಿನಾ ಟ್ಯಾಗ್ ಮಾಡುವ ದಾಸವಾಳದ ಶುಭೋದಯಗಳು. ಯಾರದೋ ಗೃಹಪ್ರವೇಶದಲ್ಲಿ ಬಾಯಿತುಂಬ ಹೋಳಿಗೆ ತುಂಬಿಕೊಂಡ ಫೋಟೋ. ಮಿಕ್ಕಿದ್ದೆಲ್ಲ ಐಪಿಎಲ್ ಬಂದಾಗೆಲ್ಲ ತಪ್ಪದೆ ಹಾಕಿದ 'ಈ ಸಲ ಕಪ್ ನಮ್ದೇ'.

"ವರ್ಷವರ್ಷ ಸುಳ್ಳು ಹೇಳಿಕೆ ಕೊಟ್ಟಿದ್ದಾನೆ ಅಂತ ಹಿಡಿದರೆ?" ಅಂದಳು ನನ್ನ ಹೆಂಡತಿ. ಪುಣ್ಯಕ್ಕೆ 2025ರಲ್ಲಿ ಆರ್‌ಸಿಬಿ ಗೆದ್ದಿತ್ತು. ದಾಖಲೆ ಸರಿಯಾಯಿತು.

ಭಾವಮೈದ ಈಗ ಯಾವ ವಕೀಲರನ್ನೂ ನಂಬುವುದಿಲ್ಲ, ನೇರ ಅಪ್ಪನಿಗೇ ಫೋನ್ ಮಾಡುತ್ತಾನೆ. ಮಾರ್ಚಿನ ತಾರೀಖು ಹೇಳಿದಾಗ ಅಪ್ಪ ತಲೆ ಕೆರೆದುಕೊಂಡರು.

"ಮಾರ್ಚ್ ಬೇಡಪ್ಪಾ, ಇಯರ್ ಎಂಡಿಂಗು. ಆಗ ಯಾರೂ ಫೈಲ್ ಮುಟ್ಟಲ್ಲ."