ಫಾರ್ಮ್ಯಾಟ್ ಮಾಡುವ ಮುನ್ನ ಹಳೆಯ ಕರ್ನಲ್‌ನಲ್ಲಿ ಒಮ್ಮೆ ಬೂಟ್ ಮಾಡಿ ನೋಡಿ

ಮಂಡ್ಯದಲ್ಲಿರುವ ಬಾವನ ಗೊಬ್ಬರದ ಅಂಗಡಿಗೆ ಕಳೆದ ವಾರ ನಾನು ಮೈಸೂರಿನಿಂದ ಹೋಗಿ ಮುಟ್ಟುವಷ್ಟರಲ್ಲಿ ರಿಪೇರಿಯ ಹುಡುಗ ಅಲ್ಲಿನ ಕಂಪ್ಯೂಟರಿಗೆ ಪೆನ್‌ಡ್ರೈವ್ ಸಿಕ್ಕಿಸಿಯಾಗಿತ್ತು. "ಡಿಸ್ಕ್ ಸಿಗ್ತಾ ಇಲ್ಲ ಸಾರ್, ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕ್ಬೇಕು" ಎಂದ. ನಾಲ್ಕು ವರ್ಷಗಳ ಸಾಲದ ಲೆಕ್ಕ ಅದರೊಳಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವನು ನಾನೇ. ಹಿಂದಿನ ರಾತ್ರಿಯ ಅಪ್‌ಡೇಟ್‌ನಲ್ಲಿ ಹೊಸ ಕರ್ನಲ್, ಅಂದರೆ ಡಿಸ್ಕು ಮೊದಲಾದ ಯಂತ್ರಭಾಗಗಳನ್ನು ನಡೆಸುವ ಲಿನಕ್ಸ್‌ನ ತಿರುಳು, ಬಂದಿತ್ತು. ಬೆಳಿಗ್ಗೆ ಕಪ್ಪು ಪರದೆಯ ಮೇಲೆ ಆವರಣದೊಳಗಿನ 'ಇನಿಟ್‌ರಾಮ್‌ಎಫ್‌ಎಸ್' ಎಂಬ ಪದ, ಅದರ ಪಕ್ಕದಲ್ಲಿ ಮಿಣುಕುವ ಕರ್ಸರ್, ಅಷ್ಟೇ. ಡಿಸ್ಕ್ ಸಿಗದೆ ಬೂಟ್ ಅರ್ಧದಲ್ಲೇ ನಿಂತಿದೆ ಎಂದು ಅದರ ಅರ್ಥ. ಯಂತ್ರ ಶುರುವಾಗುವಾಗ ಯಾವ ಕರ್ನಲ್ ಬೇಕೆಂದು ಕೇಳುವ ಗ್ರಬ್ ಮೆನು ತೆರೆದು ಹಿಂದಿನ ಕರ್ನಲ್ ಆರಿಸಿದೆ. ಅರ್ಧ ನಿಮಿಷದಲ್ಲಿ ಬಿಲ್ಲಿನ ಪುಟ ಎದುರಿಗಿತ್ತು. ಡಿಸ್ಕ್ ಕೆಟ್ಟಿರಲಿಲ್ಲ, ಕರ್ನಲ್ ಬದಲಾಗಿತ್ತು.

ಅಂಗಡಿಯವರಿಗೆ ಪುರುಸೊತ್ತೆಲ್ಲಿ ಎಂದು ಕೆಲವರು ಹೇಳಬಹುದು. ಅರ್ಧ ನಿಮಿಷವೂ ಇಲ್ಲವೆಂದರೆ ನಾನು ಒಪ್ಪುವುದಿಲ್ಲ. ಅದೂ ಅಲ್ಲದೆ, ಫಾರ್ಮ್ಯಾಟ್ ಮಾಡಿ ಮತ್ತೆ ಅಪ್‌ಡೇಟ್ ಮಾಡಿದರೆ ಬರುವುದು ಅದೇ ಕರ್ನಲ್, ನಿಲ್ಲುವುದು ಅದೇ ಪರದೆಯಲ್ಲಿ.

ಹೊಸ ಕರ್ನಲ್‌ನಲ್ಲಿ ತಪ್ಪಿದ್ದೆಲ್ಲಿ ಎಂದು ಹುಡುಕಲು ಯಂತ್ರವನ್ನು ಎರಡು ದಿನಗಳ ಮಟ್ಟಿಗೆ ಮೈಸೂರು ಕುವೆಂಪುನಗರದ ನಮ್ಮ ಮನೆಗೆ ತಂದೆ. ಕರ್ನಲ್‌ನ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ 10,000ಕ್ಕೂ ಹೆಚ್ಚು ಬದಲಾವಣೆಗಳಿರುತ್ತವೆ. ಆದರೆ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಆರಂಭಿಸಿದ, ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನ ಬೈಸೆಕ್ಟ್ ಎಂಬ ಆದೇಶ, ಪ್ರತಿ ಸಲವೂ ಸಂಶಯದ ಅರ್ಧಭಾಗವನ್ನು ಕೈಬಿಡುತ್ತಾ ಹೋಗುವುದರಿಂದ, 14 ಬಾರಿ ಕರ್ನಲ್ ಕಟ್ಟಿ ಬೂಟ್ ಮಾಡಿ ನೋಡುವುದರೊಳಗೆ ತಪ್ಪು ಮಾಡಿದ ಒಂದೇ ಒಂದು ಬದಲಾವಣೆ ಸಿಕ್ಕಿತು. ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ಸಾಟಾ ಸಂಪರ್ಕ ವಿದ್ಯುತ್ ಉಳಿಸಲೆಂದು ನಿದ್ರೆಗೆ ಜಾರುವಂತೆ ಅದು ಮಾಡಿತ್ತು. ಬಾವನ ಹಳೆಯ ಡಿಸ್ಕ್ ಆ ನಿದ್ರೆಯಿಂದ ಏಳುತ್ತಿರಲಿಲ್ಲ. ಬೂಟ್ ಆಗುವಾಗ ಕರ್ನಲ್‌ಗೆ ಸೂಚನೆ ಕೊಡುವ ಸಾಲಿನಲ್ಲಿ ಆ ಉಳಿತಾಯವನ್ನು ನಿಲ್ಲಿಸಿದೆ, ಹೊಸ ಕರ್ನಲ್ ಕೂಡ ಎದ್ದಿತು.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿದೆ. 2009ರಲ್ಲಿ ಇಂಥದ್ದೇ ಪರದೆಯ ಮುಂದೆ ಕುಳಿತು, ಯಾರನ್ನೂ ಕೇಳದೆ, ನಾನೇ ಫಾರ್ಮ್ಯಾಟ್ ಮಾಡಿದ್ದೆ. ಅಪ್ಪ ಕೊನೆಯ ವರ್ಷ ಒಂದೇ ಬೆರಳಿನಲ್ಲಿ ಒತ್ತಿ ಬರೆದಿಟ್ಟಿದ್ದ ಕಬ್ಬಿನ ಲೆಕ್ಕ ಹೋಯಿತು. ಆ ಡಿಸ್ಕ್ ನಿಜವಾಗಿ ಕೆಟ್ಟಿತ್ತೇ ಎಂಬುದು ಇನ್ನೆಂದೂ ತಿಳಿಯುವುದಿಲ್ಲ, ಏಕೆಂದರೆ ಪುರಾವೆಯನ್ನು ಅಳಿಸಿದವನು ನಾನೇ.

ಬೈಸೆಕ್ಟ್‌ನ ಫಲಿತಾಂಶವನ್ನೂ ಡಿಸ್ಕಿನ ಮಾದರಿಯನ್ನೂ ಕರ್ನಲ್ ಬರೆಯುವವರಿಗೆ ನಿನ್ನೆ ಬರೆದು ಕಳಿಸಿದ್ದೇನೆ. ಯಂತ್ರ ಬಾವನ ಅಂಗಡಿ ಸೇರಿದೆ. ಆ ರಿಪೇರಿಯ ಹುಡುಗ ಫೋನ್ ಮಾಡಿ ಗ್ರಬ್ ಮೆನು ತೆರೆಯುವುದು ಹೇಗೆಂದು ಕೇಳಿದ, ಭಾನುವಾರ ಬಾ ಎಂದಿದ್ದೇನೆ.