ಗಣಿತಕ್ಕೆ ನಾಲ್ಕು ಹುಣಸೆ ಬೀಜ ಸಾಕು

ಆಟದಿಂದ ಗಣಿತ ಕಲಿಸಲು ಟ್ಯಾಬ್ ಬೇಕೇ ಬೇಕು ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸಾರ್. ಮುಳಬಾಗಿಲು ಕಡೆಯ ನಮ್ಮ ಶಾಲೆಯಲ್ಲಿ ಐದನೇ ತರಗತಿಗೆ ಚೌಕಾಬಾರ ಆಡಿಸುತ್ತೇನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ 25 ಮನೆ. ಕವಡೆ ಬದಲು ನಾಲ್ಕು ಹುಣಸೆ ಬೀಜ, ಒಂದು ಕಡೆ ಬಿಳಿ ಕಾಣುವವರೆಗೆ ಕಲ್ಲಿಗೆ ತೇಯ್ದದ್ದು. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಕಪ್ಪು ಬಿದ್ದರೆ ಎಂಟು. ಬೆರಳು ಮಡಚಿ ಕೂಡುತ್ತಿದ್ದ ಹುಡುಗಿ ಈಗ ಬೀಜ ಬೀಳುತ್ತಲೇ ಯಾವ ಕಾಯಿ ಹೊಡೆಯಬಹುದು ಅಂತ ಹೇಳುತ್ತಾಳೆ. ಮೊನ್ನೆ ಒಬ್ಬ ಕೇಳಿದ, "ಮಿಸ್, ಎರಡೇ ಯಾಕೆ ಜಾಸ್ತಿ ಬೀಳುತ್ತೆ?" ಎಂಥ ಒಳ್ಳೆ ಪ್ರಶ್ನೆ ಅಲ್ವಾ! ಎಲ್ಲರೂ ಸೇರಿ ಬೋರ್ಡಿನ ಮೇಲೆ ಬರೆದು ನೋಡಿದೆವು. ಬೀಜ ಬೀಳುವ 16 ಬಗೆಗಳಲ್ಲಿ ಎರಡು, ಅಂದರೆ ಎರಡು ಬಿಳಿ, ಬರುವುದು 6 ರಲ್ಲಿ, ಎಂಟು ಬರುವುದು ಒಂದರಲ್ಲಿ ಮಾತ್ರ.